ಬೆಳಿಗ್ಗೆ ಚಳಿಗೆ ಕಾರು ಸ್ಟಾರ್ಟ್ ಆಗುತ್ತಿಲ್ಲ (ಪೆಟ್ರೋಲ್ ಇಂಜೆಕ್ಷನ್ ಗಾಡಿ, ಮೂಡಿಗೆರೆ)

ಹ್ಯಾಂಡ್‌ಪೋಸ್ಟ್
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೂಡಿಗೆರೆಯಿಂದ ಒಳಗೆ, ತೋಟದಲ್ಲಿ. ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಇಂಜಿನ್. ಡಿಸೆಂಬರ್ ಶುರುವಾದಾಗಿನಿಂದ ಬೆಳಿಗ್ಗೆ ತುಂಬಾ ಸತಾಯಿಸುತ್ತಿದೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ. ಆದರೆ ಇಂಜಿನ್ ಹಿಡಿಯುವುದಿಲ್ಲ. ಹಿಡಿದರೂ ಎರಡು ಸೆಕೆಂಡಿಗೆ ನಡುಗಿ ಆಫ್ ಆಗುತ್ತದೆ. ಹೇಗೋ ಸ್ಟಾರ್ಟ್ ಮಾಡಿ ಹೊರಟರೆ ಮೊದಲ ಒಂದೆರಡು ಕಿಲೋಮೀಟರ್ ಎಳೆಯುವುದೇ ಇಲ್ಲ. ಆಮೇಲೆ ಎಲ್ಲ ಸರಿ. ಮಧ್ಯಾಹ್ನ ಒಂದೇ ಸೆಲ್ಫ್‌ಗೆ ಸ್ಟಾರ್ಟ್.

ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು, ಬ್ಯಾಟರಿ ಕಳೆದ ವರ್ಷದ್ದು. ಚೆಕ್ ಇಂಜಿನ್ ದೀಪ ಬಂದಿಲ್ಲ. ಗ್ಯಾರೇಜಿನವರು ಫ್ಯೂಯೆಲ್ ಪಂಪ್ ಪೂರ್ತಿ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಅದು ಸಣ್ಣ ಖರ್ಚಲ್ಲ.

ಅಪ್ಪನಿಗೆ ಹಾಸನದಲ್ಲಿ ಡಯಾಲಿಸಿಸ್ ನಡೆಯುತ್ತಿದೆ. ಬೆಳಿಗ್ಗೆ ಐದೂವರೆಗೆ ಮನೆ ಬಿಡಲೇಬೇಕು. ಆ ಹೊತ್ತಿಗೆ ಇಲ್ಲಿ ಬಸ್ಸೂ ಇಲ್ಲ, ಆಟೋನೂ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ರೊಬಸ್ಟಾ
ಸೆಲ್ಫ್ ಹೊಡೆಯುವ ಮೊದಲು ಆಕ್ಸಿಲರೇಟರ್ ನಾಲ್ಕು ಸಲ ಒತ್ತಿ ಬಿಡಿ. ಆಮೇಲೆ ಸ್ಟಾರ್ಟ್ ಮಾಡಿ. ನಮ್ಮ ಹಳೇ ಜೀಪಿಗೆ ಇದೇ ಔಷಧಿ.

ಬೇಲೂರು ಗ್ಯಾರೇಜ್
ರೊಬಸ್ಟಾ ಅಣ್ಣ, ಅದು ಕಾರ್ಬೋರೇಟರ್ ಗಾಡಿಗೆ ಸರಿ. ಅದರಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ಸಣ್ಣ ಪಂಪ್ ಪೆಟ್ರೋಲ್ ಚಿಮ್ಮಿಸುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಆ ಪಂಪೇ ಇಲ್ಲ. ಇಂಜಿನ್ ನಿಂತಿರುವಾಗ ಎಷ್ಟು ಸಲ ಒತ್ತಿದರೂ ಒಂದು ಹನಿಯೂ ಬೀಳುವುದಿಲ್ಲ. ಇನ್ನು ಸೆಲ್ಫ್ ಹೊಡೆಯುತ್ತಾ ಪೂರ್ತಿ ಒತ್ತಿ ಹಿಡಿದರೆ ಬಹಳ ಗಾಡಿಗಳಲ್ಲಿ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ಪ್ಲಗ್ ಒದ್ದೆಯಾಗಿ ಫ್ಲಡ್ ಆದಾಗ ಒಣಗಿಸಲಿ ಅಂತ ಮಾಡಿರುವ ವ್ಯವಸ್ಥೆ ಅದು. ಇವರ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ ಅನ್ನಿಸುತ್ತದೆ. ಹಾಗಿರುವಾಗ ಅದು ಇನ್ನೂ ಕೆಟ್ಟದ್ದು.

ಹ್ಯಾಂಡ್‌ಪೋಸ್ಟ್ ಅವರೇ, ಆಕ್ಸಿಲರೇಟರ್ ಮುಟ್ಟಬೇಡಿ. ಲೈಟು, ಬ್ಲೋವರ್, ಸ್ಟೀರಿಯೋ ಆಫ್ ಮಾಡಿ. ಕ್ಲಚ್ ಪೂರ್ತಿ ಒತ್ತಿ. ಗೇರ್‌ಬಾಕ್ಸಿನ ಎಣ್ಣೆ ತಣ್ಣಗೆ ಮಂದ ಆಗಿರುತ್ತದೆ, ಅದನ್ನೂ ಸೆಲ್ಫ್ ತಿರುಗಿಸುವುದು ಬೇಡ. ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ.

ಅರಸೀಕೆರೆ ಎಕ್ಸ್‌ಪ್ರೆಸ್
ಬ್ಯಾಟರಿ. ಕಣ್ಣು ಮುಚ್ಚಿ ಹೇಳುತ್ತೇನೆ, ಬ್ಯಾಟರಿ.

ಸಕಲೇಶಪುರ ಸವಾರ
ಸೆಲ್ಫ್ ಚೆನ್ನಾಗಿ ತಿರುಗುತ್ತದೆ ಅಂತ ಮೊದಲೇ ಬರೆದಿದ್ದಾರಲ್ವಾ?

ಅರಸೀಕೆರೆ ಎಕ್ಸ್‌ಪ್ರೆಸ್
ತಿರುಗಿದರೆ ಸಾಕಾ? ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ತೀರಾ ಕುಸಿದರೆ ಇಸಿಯು, ಪಂಪ್, ಇಂಜೆಕ್ಟರ್ ಯಾವುದೂ ನೆಟ್ಟಗೆ ಕೆಲಸ ಮಾಡುವುದಿಲ್ಲ. ಚಳಿಯಲ್ಲಿ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆಯೇ ನಿಧಾನ. ಮೀಟರ್ ಇಟ್ಟು ನೋಡಿ. ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಫುಲ್. 12ಕ್ಕೆ ಇಳಿದಿದ್ದರೆ ಹೆಚ್ಚುಕಮ್ಮಿ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಸ್ಟಾರ್ಟ್ ಆದ ಮೇಲೆ 14ರ ಆಸುಪಾಸು ಬರಬೇಕು. ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದ್ದರೆ ಬಿಸಿನೀರು ಹಾಕಿ ತೊಳೆಯಿರಿ.

ಹ್ಯಾಂಡ್‌ಪೋಸ್ಟ್
ಮೀಟರ್ ಇದೆ. ಬೆಳಿಗ್ಗೆ ನೋಡಿ ಹೇಳುತ್ತೇನೆ.

ಮಲ್ನಾಡ್ ಅಕ್ಕ
ನಮ್ಮದು ಆಲ್ದೂರು. ಈ ವಾರ ಬೆಳಿಗ್ಗೆ ಹತ್ತು ಡಿಗ್ರಿ ಆಸುಪಾಸಿಗೆ ಬಂದಿದೆ, ಜೊತೆಗೆ ಮಂಜು. ನನ್ನ ಗಾಡಿನೂ ಅದೇ ವಯಸ್ಸಿನದು, ಶೆಡ್ಡಿನ ಹೊರಗೇ ನಿಲ್ಲುತ್ತದೆ, ಏನೂ ತೊಂದರೆ ಇಲ್ಲ. ಹಾಗಾದರೆ ಚಳಿಯೇ ಕಾರಣ ಅಂತ ಹೇಗೆ ಹೇಳೋದು?

ಮಂಜಿನ ನಾಡು
ಹತ್ತು ಡಿಗ್ರಿ ಅಂದರೆ ಇಂಜೆಕ್ಷನ್ ಗಾಡಿಗೆ ಚಳಿಯೇ ಅಲ್ಲ. ನನ್ನ ಊರು ಚನ್ನರಾಯಪಟ್ಟಣ, ಕೆಲಸ ಸೇನೆಯಲ್ಲಿ, ಹಿಂದೆ ಲಡಾಖ್‌ನಲ್ಲಿದ್ದೆ. ಅಲ್ಲಿ ಮೈನಸ್ ಹತ್ತು ಹದಿನೈದರಲ್ಲಿ ಪೆಟ್ರೋಲ್ ಕಾರುಗಳು ಬೆಳಿಗ್ಗೆ ಸ್ಟಾರ್ಟ್ ಆಗುತ್ತವೆ. ಬ್ಯಾಟರಿ ಮತ್ತು ಇಂಜಿನ್ ಆಯಿಲ್ ಸರಿ ಇರಬೇಕು, ಅಷ್ಟೇ. ಅಲ್ಲಿ ನಿಜವಾಗಿ ಕಷ್ಟ ಕೊಡುವುದು ಡೀಸೆಲ್. ಅದರಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೇ 2019ರಲ್ಲಿ ಇಂಡಿಯನ್ ಆಯಿಲ್‌ನವರು ಲಡಾಖ್‌ಗೆ ಅಂತಲೇ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದರು.

ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಗಾಡಿಯಲ್ಲಿ ಯಾವುದೋ ಒಂದು ಭಾಗ ಮೊದಲೇ ಸೊರಗಿದೆ. ಚಳಿ ಅದನ್ನು ಬಯಲಿಗೆ ತಂದಿದೆ. ಪಂಪಿಗೆ ದುಡ್ಡು ಕೊಡುವ ಮೊದಲು ಆ ಭಾಗ ಯಾವುದು ಅಂತ ಹುಡುಕಿ.

ಕೊಪ್ಪ ಡೀಸೆಲ್
ನಮ್ಮದು ಡೀಸೆಲ್ ಪಿಕಪ್. ಬೆಳಿಗ್ಗೆ ಸ್ಪ್ರಿಂಗ್ ಥರದ ಹಳದಿ ದೀಪ ಬರುತ್ತದಲ್ಲ, ಅದು ಆರುವವರೆಗೆ ಕಾಯುತ್ತೇನೆ. ಸಮಸ್ಯೆ ಇಲ್ಲ. ನೀವೂ ಹಾಗೆ ಕಾದು ನೋಡಿ.

ಬೇಲೂರು ಗ್ಯಾರೇಜ್
ಅದು ಹೀಟರ್ ಪ್ಲಗ್ ದೀಪ ಅಣ್ಣ. ಡೀಸೆಲ್‌ನಲ್ಲಿ ಸ್ಪಾರ್ಕ್ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಬೇಕು. ಅದಕ್ಕೆ ಮೊದಲು ಕಾಯಿಸುತ್ತದೆ. ಪೆಟ್ರೋಲ್ ಗಾಡಿಗೆ ಅದು ಇಲ್ಲ.

ಆದರೆ ಪೆಟ್ರೋಲ್‌ನಲ್ಲೂ ಕೀ ಆನ್ ಮಾಡಿ ಎರಡು ಸೆಕೆಂಡ್ ಕಾಯುವುದು ಒಳ್ಳೆಯದು, ಕಾರಣ ಬೇರೆ. ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗೆ 'ಜುಯ್' ಅಂತ ಸದ್ದು ಬರುತ್ತದೆ. ಟ್ಯಾಂಕಿನೊಳಗಿನ ಪಂಪ್ ಲೈನಿಗೆ ಪ್ರೆಶರ್ ಕೊಡುತ್ತಿರುತ್ತದೆ. ಎರಡು ಸೆಕೆಂಡಿನಲ್ಲಿ ತಾನಾಗಿ ನಿಲ್ಲುತ್ತದೆ. ಪೆಟ್ರೋಲ್ ವಾಪಸ್ ಇಳಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಸೋರುತ್ತಿದ್ದರೆ ರಾತ್ರಿಯಿಡೀ ನಿಂತಾಗ ಪ್ರೆಶರ್ ಇಳಿದುಹೋಗುತ್ತದೆ, ಬೆಳಿಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ನಿಮ್ಮ ಗ್ಯಾರೇಜಿನವರು ಪಂಪ್ ಅನ್ನುತ್ತಿರುವುದು ಇದೇ ಲೆಕ್ಕದಲ್ಲಿ ಇರಬೇಕು.

ಇದನ್ನು ಪೈಸೆ ಖರ್ಚಿಲ್ಲದೆ ನೋಡಬಹುದು. ಬೆಳಿಗ್ಗೆ ಕೀ ಆನ್ ಮಾಡಿ, ಸದ್ದು ನಿಂತ ಮೇಲೆ ಆಫ್ ಮಾಡಿ. ಹೀಗೆ ಮೂರ್ನಾಲ್ಕು ಸಲ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಸ್ಟಾರ್ಟ್ ಆದರೆ ಪ್ರೆಶರ್ ಇಳಿಯುತ್ತಿದೆ ಅಂತ ಅರ್ಥ. ವ್ಯತ್ಯಾಸವೇ ಇಲ್ಲ ಅಂದರೆ ಪಂಪ್ ಬದಲಾಯಿಸಲು ಅವಸರ ಮಾಡಬೇಡಿ.

ಇನ್ನೊಂದು ಪರೀಕ್ಷೆ. ಬೆಳಿಗ್ಗೆ ಓಡಿಸಿ ಬಂದು ಬಿಸಿಲಲ್ಲಿ ನಿಲ್ಲಿಸಿ, ಸಂಜೆವರೆಗೆ ಮುಟ್ಟಬೇಡಿ. ಆಗಲೂ ಸತಾಯಿಸಿದರೆ ಕಾರಣ ಚಳಿಯಲ್ಲ, ತುಂಬಾ ಹೊತ್ತು ನಿಂತದ್ದು. ಸಲೀಸಾಗಿ ಸ್ಟಾರ್ಟ್ ಆದರೆ ತಣ್ಣಗಿರುವುದಕ್ಕೂ ಈ ತೊಂದರೆಗೂ ಸಂಬಂಧ ಇದೆ.

ರೊಬಸ್ಟಾ
ಇಷ್ಟೆಲ್ಲ ಯಾಕೆ? ತೋಟದ ದಾರಿ ಇಳಿಜಾರು ಇರುತ್ತದೆ. ಎರಡನೇ ಗೇರ್ ಹಾಕಿ ಇಳಿಸಿಬಿಡಿ, ತಾನಾಗಿ ಸ್ಟಾರ್ಟ್.

ಸಕಲೇಶಪುರ ಸವಾರ
ಬೆಳಿಗ್ಗೆ ಐದೂವರೆಗೆ, ಕತ್ತಲಲ್ಲಿ, ಮಂಜಲ್ಲಿ, ಕಾಯಿಲೆ ಇರುವ ತಂದೆಯನ್ನು ಕೂರಿಸಿಕೊಂಡು ಇಂಜಿನ್ ಇಲ್ಲದೆ ಇಳಿಜಾರಿನಲ್ಲಿ ಬಿಡಬೇಕಾ? ಇಂಜಿನ್ ಆಫ್ ಇದ್ದರೆ ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರ್ ಒಂದೆರಡು ಸಲಕ್ಕೆ ಮುಗಿಯುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ದಯವಿಟ್ಟು ಬೇಡ. ಕೆಳಗಿಳಿದು ತಳ್ಳುವುದು ಅದಕ್ಕಿಂತ ಅಪಾಯ. ನಮ್ಮ ಆಲೂರು, ಸಕಲೇಶಪುರ ಕಡೆಯಂತೂ ಆನೆಗಳು ಬೆಳಗಿನ ಜಾವ ತೋಟದಿಂದ ತೋಟಕ್ಕೆ ರಸ್ತೆ ದಾಟುತ್ತವೆ. ಮೂಡಿಗೆರೆಯಲ್ಲೂ ಕಮ್ಮಿ ಇಲ್ಲ. ಮಂಜಿದ್ದರೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ.

ಮಲ್ನಾಡ್ ಅಕ್ಕ
ನಿಜ. ಹೊರಡುವ ಮೊದಲು ಅರಣ್ಯ ಇಲಾಖೆಯ ಗುಂಪಿನಲ್ಲಿ ಆನೆ ಬಗ್ಗೆ ಸಂದೇಶ ನೋಡಿಕೊಳ್ಳಿ. ಕಾಫಿ ಕುಯ್ಲಿಗೆ ಬರುವವರಿಗೂ ನಾವು ಅದನ್ನೇ ಹೇಳುವುದು.

ಬೇಲೂರು ಗ್ಯಾರೇಜ್
ಮತ್ತೆ, ಸೆಲ್ಫ್ ಚೆನ್ನಾಗಿ ತಿರುಗುತ್ತಿರುವಾಗ ತಳ್ಳಿ ಏನು ಲಾಭ? ಸೆಲ್ಫ್ ಮಾಡುವ ಕೆಲಸವನ್ನೇ ತಳ್ಳುವುದೂ ಮಾಡುತ್ತದೆ. ಹೊತ್ತದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಅದರ ಬೆಲೆ ಪಂಪಿಗಿಂತ ಜಾಸ್ತಿ.

ರೊಬಸ್ಟಾ
ಕಾಯಿಲೆಯವರು ಇರುವಾಗ ಇಳಿಜಾರು ಬೇಡ, ಒಪ್ಪಿದೆ. ಆದರೆ ಇಂಜಿನ್ ಆಯಿಲ್ ಯಾವುದು ಅಂತ ಯಾರೂ ಕೇಳಲೇ ಇಲ್ಲ. ದಪ್ಪ ಎಣ್ಣೆ ಹಾಕಿಸಿದ್ದರೆ ಬೆಳಿಗ್ಗೆ ಇಂಜಿನ್ ಬಿಗಿ.

ಹ್ಯಾಂಡ್‌ಪೋಸ್ಟ್
5ಡಬ್ಲ್ಯೂ-30 ಅಣ್ಣ. ಕಂಪನಿ ಪುಸ್ತಕದಲ್ಲಿ ಹೇಳಿದ್ದೇ.

ಮಂಜಿನ ನಾಡು
ಹಾಗಾದರೆ ಆಯಿಲ್ ಅಲ್ಲ. ಆ ಡಬ್ಲ್ಯೂ ಅಂದರೆ ಚಳಿಗಾಲದ ಗುರುತು. 5ಡಬ್ಲ್ಯೂ ಎಣ್ಣೆ ಮೈನಸ್ 30ರಲ್ಲಿ ಇಂಜಿನ್ ತಿರುಗಲು ಬಿಡಬೇಕು. 20ಡಬ್ಲ್ಯೂ ಕೂಡ ಮೈನಸ್ 15ರವರೆಗಿನ ಪರೀಕ್ಷೆ ಪಾಸಾಗಿರಬೇಕು. ನಮ್ಮ ಜಿಲ್ಲೆಗಳಲ್ಲಿ ಎಣ್ಣೆಯಿಂದ ಸ್ಟಾರ್ಟ್ ಆಗದೇ ಇರುವಷ್ಟು ಚಳಿ ಬರುವುದಿಲ್ಲ. ತೆಳು ಎಣ್ಣೆ ಬೇಗ ಮೇಲಕ್ಕೆ ಏರುತ್ತದೆ, ಸವೆತ ಕಮ್ಮಿ ಆಗುತ್ತದೆ, ಅದು ಬೇರೆ ಲಾಭ.

ಹಗರೆ ಹುಡುಗ
ಎಲ್ಲದಕ್ಕೂ ಕಾರಣ ಈ ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ಎಥನಾಲ್ ಚಳಿಯಲ್ಲಿ ಹೊತ್ತುವುದಿಲ್ಲ.

ಅರಸೀಕೆರೆ ಎಕ್ಸ್‌ಪ್ರೆಸ್
ಹಾಗಿದ್ದರೆ ಜಿಲ್ಲೆಯ ಎಲ್ಲ ಗಾಡಿಗಳೂ ನಿಂತಿರಬೇಕಿತ್ತು.

ಮಂಜಿನ ನಾಡು
ಅರ್ಧ ಸರಿ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ತುಂಬಾ ಜಾಸ್ತಿ ಶಾಖ ಬೇಕು. ಅಚ್ಚ ಎಥನಾಲ್ ಆದರೆ ಸುಮಾರು 13 ಡಿಗ್ರಿಗಿಂತ ಕೆಳಗೆ ಕಿಡಿಗೆ ಹೊತ್ತುವಷ್ಟು ಆವಿಯೇ ಬರುವುದಿಲ್ಲ. ಬ್ರೆಜಿಲ್‌ನಲ್ಲಿ ಅಚ್ಚ ಎಥನಾಲ್ ಮೇಲೂ ಓಡುವ ಕಾರುಗಳಿಗೆ ಬಾನೆಟ್ ಕೆಳಗೆ ಒಂದು ಪುಟ್ಟ ಪೆಟ್ರೋಲ್ ಟ್ಯಾಂಕ್ ಇಡುತ್ತಿದ್ದರು, ಚಳಿಯಲ್ಲಿ ಸ್ಟಾರ್ಟ್ ಮಾಡಲು ಮಾತ್ರ. ಇ20ಯಲ್ಲಿ ಐದರಲ್ಲಿ ನಾಲ್ಕು ಪಾಲು ಪೆಟ್ರೋಲೇ ಇರುತ್ತದೆ, ಅದರ ಆವಿ ಸಾಕು. ಆದರೆ ಗಾಡಿ ಮೊದಲೇ ಪೆಟ್ರೋಲ್ ಕಮ್ಮಿ ಕೊಡುತ್ತಿದ್ದರೆ ಇ20 ಆ ತೊಂದರೆಯನ್ನು ಜೋರು ಮಾಡಬಹುದು.

ಹಗರೆ ಹುಡುಗ
2014ರ ಗಾಡಿಯ ರಬ್ಬರ್ ಪೈಪು, ಸೀಲುಗಳ ಗತಿ? 2023ರ ಏಪ್ರಿಲ್ ನಂತರದ ಗಾಡಿಗಳಿಗೆ ತಾನೇ ಇ20ಗೆ ಹೊಂದುವ ಭಾಗ ಹಾಕಿ ಕೊಡುತ್ತಿರುವುದು? ಹಳೇ ಗಾಡಿ ಇಟ್ಟುಕೊಂಡವರು ಏನು ಮಾಡಬೇಕು?

ಸಕಲೇಶಪುರ ಸವಾರ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಗುರು, ನಾನೂ ಬರುತ್ತೇನೆ. ಇಲ್ಲಿ ಮೊದಲು ಇವರ ಗಾಡಿ ಸರಿಯಾಗಲಿ.

ಮಲ್ನಾಡ್ ಅಕ್ಕ
ಒಂದು ಸಂದೇಹ. ನಮ್ಮ ಪಕ್ಕದ ಮನೆಯವರು ಬೆಳಿಗ್ಗೆ ಕಾಲು ಗಂಟೆ ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸಿಡುತ್ತಾರೆ. ಹಾಗೆ ಮಾಡಬೇಕಾ?

ರೊಬಸ್ಟಾ
ಮಾಡಲೇಬೇಕು. ಇಂಜಿನ್ ಬಿಸಿ ಆಗದೆ ಓಡಿಸಿದರೆ ಸವೆಯುತ್ತದೆ.

ಬೇಲೂರು ಗ್ಯಾರೇಜ್
ಬೇಡ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಸಾಕು. ಆಮೇಲೆ ಮೆಲ್ಲಗೆ ಹೊರಡಿ, ಮೊದಲ ಕೆಲವು ಕಿಲೋಮೀಟರ್ 2000-2500 ಆರ್‌ಪಿಎಂ ದಾಟಿಸಬೇಡಿ. ನಿಂತಲ್ಲೇ ಐಡ್ಲಿಂಗ್‌ನಲ್ಲಿ ಇಂಜಿನ್ ಬಿಸಿಯಾಗಲು ತುಂಬಾ ಹೊತ್ತು ಬೇಕು. ಅಷ್ಟು ಹೊತ್ತೂ ಜಾಸ್ತಿ ಪೆಟ್ರೋಲ್ ಹೋಗುತ್ತಿರುತ್ತದೆ, ಸ್ವಲ್ಪ ಭಾಗ ಸಿಲಿಂಡರ್ ಗೋಡೆಯ ಎಣ್ಣೆ ತೊಳೆದು ಕೆಳಗಿಳಿಯುತ್ತದೆ. ಸವೆತ ತಪ್ಪಿಸಲು ಹೋಗಿ ಸವೆತ ತಂದುಕೊಂಡಂತೆ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಶೆಡ್ ಬಾಗಿಲು ಮುಚ್ಚಿ ಇಂಜಿನ್ ಓಡಿಸಬೇಡಿ. ತಣ್ಣಗಿನ ಇಂಜಿನ್‌ನಿಂದ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಆದರೆ ಜೀವ ತೆಗೆಯುತ್ತದೆ. ಎಷ್ಟೋ ಕಡೆ ಶೆಡ್ಡಿಗೆ ತಾಗಿಯೇ ತೋಟದ ಕೆಲಸದವರ ಲೈನ್ ಮನೆ ಇರುತ್ತದೆ, ಒಳಗೆ ಜನ ಮಲಗಿರುತ್ತಾರೆ.

ರೊಬಸ್ಟಾ
ಶೆಡ್ ವಿಷಯ ನೂರಕ್ಕೆ ನೂರು ಸರಿ. ಬಿಸಿ ಮಾಡುವ ವಿಷಯ ನಾನು ಒಪ್ಪುವುದಿಲ್ಲ. ನನ್ನ ಜೀಪು ಇವತ್ತಿಗೂ ಹೊಗೆ ಬಿಡುವುದಿಲ್ಲ.

ಹ್ಯಾಂಡ್‌ಪೋಸ್ಟ್
ಎಲ್ಲರಿಗೂ ಧನ್ಯವಾದ. ನೋಡಿದೆ.
ಬೆಳಿಗ್ಗೆ ಬ್ಯಾಟರಿ 12.5. ಸೆಲ್ಫ್ ಹೊಡೆಯುವಾಗ 10.4. ಸ್ಟಾರ್ಟ್ ಆದ ಮೇಲೆ 14.1.
ಕೀ ಆನ್-ಆಫ್ ಮಾಡಿದೆ. ಪಂಪ್ ಸದ್ದು ಪ್ರತಿ ಸಲ ಕೇಳಿತು. ಆದರೆ ಸ್ಟಾರ್ಟ್ ಆಗುವುದರಲ್ಲಿ ಏನೂ ವ್ಯತ್ಯಾಸ ಇಲ್ಲ.
ಹಗಲೆಲ್ಲ ಬಿಸಿಲಲ್ಲಿ ನಿಲ್ಲಿಸಿ ಸಂಜೆ ನೋಡಿದೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್.

ಅರಸೀಕೆರೆ ಎಕ್ಸ್‌ಪ್ರೆಸ್
ಬ್ಯಾಟರಿ ಚೆನ್ನಾಗಿದೆ. ಪಟ್ಟಿಯಿಂದ ತೆಗೆಯಿರಿ.

ಬೇಲೂರು ಗ್ಯಾರೇಜ್
ಪಂಪೂ ಬಹುತೇಕ ಪಟ್ಟಿಯಿಂದ ಹೋಯಿತು. ಎರಡು ಪ್ರಶ್ನೆ. ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಆರ್‌ಪಿಎಂ ಎಷ್ಟಿರುತ್ತದೆ? ರೇಡಿಯೇಟರ್ ಫ್ಯಾನ್ ಮೊದಲಿಗಿಂತ ಬೇಗ ಆನ್ ಆಗುತ್ತಿದೆಯಾ?

ಹ್ಯಾಂಡ್‌ಪೋಸ್ಟ್
ಆರ್‌ಪಿಎಂ 800, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ. ಹಿಂದಿನ ವರ್ಷ ಚಳಿಯಲ್ಲಿ ಮೊದಲು ಜೋರಾಗಿ ಕೂಗಿ ಆಮೇಲೆ ಇಳಿಯುತ್ತಿತ್ತು. ಫ್ಯಾನ್ ಬಗ್ಗೆ ಹೇಳಿದ್ದು ಸರಿ. ಈಚೆಗೆ ಪೇಟೆಯೊಳಗೆ ನಿಧಾನ ಹೋಗುವಾಗ ಆಗಾಗ ಫ್ಯಾನ್ ಸದ್ದು ಬರುತ್ತದೆ. ಇಷ್ಟು ಚಳಿಯಲ್ಲಿ ಯಾಕೆ ಅಂತ ಅಂದುಕೊಂಡಿದ್ದೆ.

ಬೇಲೂರು ಗ್ಯಾರೇಜ್
ಹಾಗಾದರೆ ನನ್ನ ಅನುಮಾನ ಕೂಲಂಟ್ ಟೆಂಪರೇಚರ್ ಸೆನ್ಸರ್ ಮೇಲೆ. ಇಂಜಿನ್ ತಂಪಿಡುವ ದ್ರವ ಎಷ್ಟು ಬಿಸಿ ಇದೆ ಅಂತ ಅಳೆಯುವುದು ಅದು.

ಯಾಕೆ ಅಂತ ಹೇಳುತ್ತೇನೆ. ತಣ್ಣಗಿನ ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಒಳಗಿನ ಗೋಡೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಜಾಸ್ತಿ ಪೆಟ್ರೋಲ್ ಕೊಡಬೇಕು. ಹಿಂದೆ ಚೋಕ್ ಎಳೆದು ಗಾಳಿ ಕಮ್ಮಿ ಮಾಡುತ್ತಿದ್ದೆವು. ಈಗ ಇಸಿಯು ಇಂಜೆಕ್ಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ, ಆರ್‌ಪಿಎಂ 1200-1500ಕ್ಕೆ ಏರಿಸುತ್ತದೆ. ಇಂಜಿನ್ ತಣ್ಣಗಿದೆ ಅಂತ ಅದಕ್ಕೆ ಹೇಳುವುದು ಈ ಒಂದು ಸೆನ್ಸರ್. ಅದು 'ಬಿಸಿ ಇದೆ' ಅಂದರೆ ಇಸಿಯು ನಂಬುತ್ತದೆ. ಪೆಟ್ರೋಲ್ ಕಮ್ಮಿ ಕೊಡುತ್ತದೆ, ಆರ್‌ಪಿಎಂ ಏರಿಸುವುದಿಲ್ಲ. ಫ್ಯಾನ್ ಬೇಗ ಹಾಕುತ್ತದೆ. ನಿಮ್ಮ ಮೂರೂ ತೊಂದರೆ ಇದರಲ್ಲೇ ಬಂತು.

ಮಲ್ನಾಡ್ ಅಕ್ಕ
ಆದರೆ ಚೆಕ್ ಇಂಜಿನ್ ದೀಪ ಬರಬೇಕಿತ್ತಲ್ಲ?

ಬೇಲೂರು ಗ್ಯಾರೇಜ್
ವೈರ್ ತುಂಡಾದರೆ ಅಥವಾ ಶಾರ್ಟ್ ಆದರೆ ದೀಪ ಬರುತ್ತದೆ. ಸೆನ್ಸರ್ ಸುಮ್ನೆ ತಪ್ಪು ಲೆಕ್ಕ ಕೊಡುತ್ತಿದ್ದರೆ ಇಸಿಯುಗೆ ಅದು ನಂಬುವಂಥ ಅಂಕಿಯೇ. ದೀಪ ಬರದೇ ಇರಬಹುದು. ಈ ಕಾರಣಕ್ಕೇ ಎಷ್ಟೋ ಜನ ಪಂಪು, ಇಂಜೆಕ್ಟರ್ ಅಂತ ದುಡ್ಡು ಕಳೆಯುತ್ತಾರೆ.

ಮಂಜಿನ ನಾಡು
ಓಬಿಡಿ ಬ್ಲೂಟೂತ್ ಅಡಾಪ್ಟರ್ (ಇಸಿಯು ಅಂಕಿಗಳನ್ನು ಫೋನಿಗೆ ಕಳಿಸುವ ಸಾಧನ) ಯಾರ ಹತ್ತಿರ ಆದರೂ ಇದ್ದರೆ ಇಸಿದುಕೊಳ್ಳಿ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಹಾಕಿ, ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಕೀ ಆನ್ ಮಾಡಿ ಫೋನಿನಲ್ಲಿ ಎರಡು ಅಂಕಿ ನೋಡಿ. ಕೂಲಂಟ್ ಟೆಂಪರೇಚರ್, ಇನ್‌ಟೇಕ್ ಗಾಳಿಯ (ಇಂಜಿನ್ ಒಳಗೆಳೆಯುವ ಗಾಳಿ) ಟೆಂಪರೇಚರ್. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು, ಹೊರಗಿನ ಚಳಿಗೆ ಸಮ.

ಹ್ಯಾಂಡ್‌ಪೋಸ್ಟ್
ಚಿಕ್ಕಮಗಳೂರಿನ ಗೆಳೆಯನ ಹತ್ತಿರ ಇದೆ. ತರಿಸುತ್ತೇನೆ.

ಕೊಪ್ಪ ಡೀಸೆಲ್
ಬಾನೆಟ್ ತೆಗೆದಾಗ ಇಲಿ ಕಡಿದಿದೆಯಾ ಅಂತಲೂ ನೋಡಿ. ಚಳಿಗಾಲದಲ್ಲಿ ಇಂಜಿನ್ ಬಿಸಿಗೆ ಬಂದು ಗೂಡು ಕಟ್ಟುತ್ತವೆ. ನಮ್ಮ ಗಾಡಿಯ ವೈರೆಲ್ಲ ಕತ್ತರಿಸಿ ಹಾಕಿದ್ದವು.

ಮಲ್ನಾಡ್ ಅಕ್ಕ
ಅಯ್ಯೋ, ಇಲಿ ಕಾಟ ಕೇಳಬೇಡಿ. ನುಸಿಗುಳಿಗೆ ಕಟ್ಟಿದರೆ ಕೆಲವು ದಿನ ಬರುವುದಿಲ್ಲ, ವಾಸನೆ ಹೋದ ಮೇಲೆ ಮತ್ತೆ ಹಾಜರು. ನಾವು ರಾತ್ರಿ ಬಾನೆಟ್ ಎತ್ತಿ ಒಂದು ಬಲ್ಬ್ ಹಾಕುತ್ತೇವೆ. ಕತ್ತಲೆ ಇಲ್ಲದಿದ್ದರೆ ಕೂರುವುದಿಲ್ಲ. ಶೆಡ್ಡಿನಲ್ಲಿ ಭತ್ತ, ಹಿಂಡಿ ಚೀಲ ಇಡದಿದ್ದರೆ ಇನ್ನೂ ಒಳ್ಳೆಯದು.

ರೊಬಸ್ಟಾ
ಒಂದು ಬೆಕ್ಕು ಸಾಕಿ.

ಹ್ಯಾಂಡ್‌ಪೋಸ್ಟ್
ಬೆಳಿಗ್ಗೆ ಐದಕ್ಕೆ ನೋಡಿದೆ. ಇನ್‌ಟೇಕ್ ಗಾಳಿ 12 ಡಿಗ್ರಿ. ಕೂಲಂಟ್ 47 ಡಿಗ್ರಿ! ರಾತ್ರಿಯೆಲ್ಲ ನಿಂತ ಗಾಡಿ, ಬಾನೆಟ್ ಮುಟ್ಟಿದರೆ ಐಸ್. ಇಲಿ ಕಡಿದ ಗುರುತು ಎಲ್ಲೂ ಕಾಣಲಿಲ್ಲ.

ಬೇಲೂರು ಗ್ಯಾರೇಜ್
ಸಿಕ್ಕಿತು. ಸೆನ್ಸರ್ ಕೊಳ್ಳುವ ಮೊದಲು ಒಂದೇ ಒಂದು ಕೆಲಸ ಮಾಡಿ. ಸೆನ್ಸರಿನ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ ಅಂಕಿ ನೋಡಿ. ಮೈನಸ್ 40ಕ್ಕೆ ಇಳಿಯಬೇಕು. ಇಳಿದರೆ ವೈರಿಂಗ್ ಚೆನ್ನಾಗಿದೆ, ಸೆನ್ಸರ್ ಹೋಗಿದೆ. ಬಿಚ್ಚಿದ ಮೇಲೂ ಬಿಸಿ ತೋರಿಸಿದರೆ ಎರಡು ವೈರ್ ಎಲ್ಲೋ ಒಂದಕ್ಕೊಂದು ತಾಗುತ್ತಿವೆ. ಕೆಲವು ಗಾಡಿಗಳಲ್ಲಿ ಬಿಚ್ಚಿದ ಕೂಡಲೇ ಇಸಿಯು ತನ್ನದೇ ಒಂದು ಅಂಕಿ ಹಾಕಿಕೊಳ್ಳುತ್ತದೆ. ಹಾಗೇನಾದರೂ ಕಂಡರೆ ಸೆನ್ಸರಿಗೇ ಮೀಟರ್ ಇಟ್ಟು ನೋಡಿ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡರಿಂದ ಮೂರು ಕಿಲೋ ಓಮ್ ಇರಬೇಕು, ತಣ್ಣಗಾದಷ್ಟೂ ಜಾಸ್ತಿ.

ಈ ಸೆನ್ಸರಿಗೆ ಪಂಪಿನಷ್ಟು ಬೆಲೆ ಇಲ್ಲ, ಹೆಚ್ಚಿನ ಗಾಡಿಗಳಿಗೆ ಕೆಲವು ನೂರರ ಲೆಕ್ಕ.

ಸಕಲೇಶಪುರ ಸವಾರ
ಹಾಗಾದರೆ ನಾಳೆ ಅಪ್ಪನನ್ನು ಕರೆದುಕೊಂಡು ಹೋಗುವುದು ಹೇಗೆ? ಬೇಕಿದ್ದರೆ ಹೇಳಿ. ನಾನು ಬೆಳಿಗ್ಗೆ ಹಾಸನಕ್ಕೆ ಹೊರಟಿದ್ದೇನೆ, ಸಕಲೇಶಪುರದವರೆಗೆ ತಂದು ಬಿಟ್ಟರೆ ಅಲ್ಲಿಂದ ನನ್ನ ಗಾಡಿಯಲ್ಲಿ ಹೋಗಬಹುದು.

ಹ್ಯಾಂಡ್‌ಪೋಸ್ಟ್
ತುಂಬಾ ಉಪಕಾರ ಅಣ್ಣ. ನಾಳೆಗೆ ಚಿಕ್ಕಪ್ಪನ ಗಾಡಿ ಸಿಕ್ಕಿದೆ. ಹಾಸನದಲ್ಲೇ ಸೆನ್ಸರ್ ತರುತ್ತೇನೆ.

ಹ್ಯಾಂಡ್‌ಪೋಸ್ಟ್
ಕನೆಕ್ಟರ್ ಬಿಚ್ಚಿದಾಗ ಮೈನಸ್ 40 ತೋರಿಸಿತು. ಸೆನ್ಸರ್ ಬದಲಾಯಿಸಿದೆ. ಇವತ್ತು ಬೆಳಿಗ್ಗೆ ಗಾಳಿ 11, ಕೂಲಂಟ್ 11. ಮೊದಲ ಸೆಲ್ಫ್‌ಗೇ ಹಿಡಿಯಿತು, ಆರ್‌ಪಿಎಂ 1400ಕ್ಕೆ ಹೋಗಿ ಮೆಲ್ಲಗೆ ಇಳಿಯಿತು. ತೋಟದ ಏರಿನಲ್ಲೂ ಚೆನ್ನಾಗಿ ಎಳೆಯಿತು. ಅಪ್ಪ ಪಕ್ಕದಲ್ಲಿ ಕೂತು ಎಲ್ಲರಿಗೂ ನಮಸ್ಕಾರ ಹೇಳು ಅಂದರು.

ಹಗರೆ ಹುಡುಗ
ಸೆನ್ಸರ್ ಬಿಚ್ಚಿದಾಗ ಕೂಲಂಟ್ ಎಷ್ಟು ಚೆಲ್ಲಿತು? ನನ್ನ ಗಾಡಿಯಲ್ಲೂ ಬೆಳಿಗ್ಗೆ ಆರ್‌ಪಿಎಂ ಏರುತ್ತಿಲ್ಲ, ನೋಡಬೇಕು.

ಹ್ಯಾಂಡ್‌ಪೋಸ್ಟ್
ಒಂದು ಲೋಟದಷ್ಟು. ಹೊಸ ಸೆನ್ಸರ್ ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ಬಿಚ್ಚಿದೆ.

ಬೇಲೂರು ಗ್ಯಾರೇಜ್
ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ಬಿಚ್ಚಿ. ಬಿಸಿ ಇದ್ದರೆ ಕೂಲಂಟ್ ಪ್ರೆಶರ್‌ನಲ್ಲಿ ಮುಖಕ್ಕೇ ಹಾರುತ್ತದೆ. ಹಾಕಿದ ಮೇಲೆ ಕೂಲಂಟ್ ಮಟ್ಟ ತುಂಬಿಸಿ, ಕ್ಯಾಪ್ ತೆರೆದಿಟ್ಟು ಗಾಡಿ ನಿಂತಲ್ಲೇ ಸ್ವಲ್ಪ ಹೊತ್ತು ಇಂಜಿನ್ ಆನ್ ಇಟ್ಟು ಗಾಳಿಗುಳ್ಳೆ ಹೊರಗೆ ಹೋಗಲು ಬಿಡಿ. ಮಾರನೇ ದಿನ ತಣ್ಣಗಿರುವಾಗ ಮತ್ತೆ ಮಟ್ಟ ನೋಡಿ. ಹಗರೆ ಹುಡುಗ, ನಿಮ್ಮ ಗಾಡಿ ಯಾವ ವರ್ಷದ್ದು? ಬೆಳಿಗ್ಗೆ ಎರಡು ಅಂಕಿ ನೋಡಿ ಇಲ್ಲೇ ಹಾಕಿ. ಅವು ಸರಿ ಇದ್ದರೆ ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದೆಯಾ ಅಂತ ನೋಡೋಣ.